ನೀರುನಾಯಿಯ ಮೇಲಿನ ಅಪವಾದ

ರಾತ್ರಿ ಬಿಟ್ಟ ಬಲೆಯನ್ನು ಬೆಳಗ್ಗೆ ಎಳೆದರೆ ನಡುವೆ ದೊಡ್ಡ ಹರಕು. ಸಿಕ್ಕಿಕೊಂಡ ಮೀನುಗಳಲ್ಲಿ ಕೆಲವು ಅರ್ಧ ತಿಂದು ಬಿಟ್ಟವು. ತುಂಗಭದ್ರೆಯಲ್ಲಿ ಹರಿಗೋಲು ಹಾಕುವ ಅಂಬಿಗರಿಗಾಗಲಿ, ಕಾವೇರಿ ದಂಡೆಯ ಬೆಸ್ತರಿಗಾಗಲಿ, ಉತ್ತರ ಕನ್ನಡದ ಅಳಿವೆಗಳಲ್ಲಿ ಬಲೆ ಬಿಡುವ ಹರಿಕಂತರಿಗಾಗಲಿ ಇದು ಯಾರ ಕೆಲಸವೆಂದು ಹೇಳಿಕೊಡಬೇಕಾಗಿಲ್ಲ. ನೀರುನಾಯಿ ಬಂದು ಹೋಗಿದೆ. ಒಂದು ಬಲೆ ಕೊಳ್ಳಲು ಎಷ್ಟು ದಿನ ಮೀನು ಮಾರಬೇಕೆಂದು ಬಲ್ಲವರಿಗೆ ಆ ಹೊತ್ತಿನ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ಸಿಟ್ಟಿನಲ್ಲಿ ಹುಟ್ಟಿದ ಮಾತು ಬಾಯಿಂದ ಬಾಯಿಗೆ ದಾಟುತ್ತಾ, ಹೊಳೆಯಲ್ಲಿ ಮೀನು ಕಡಿಮೆಯಾದ ಇಡೀ ಕಥೆಯ ಹೊಣೆಯನ್ನು ಈ ಒಂದು ಪ್ರಾಣಿಯ ತಲೆಗೆ ಕಟ್ಟಿಬಿಟ್ಟಿದೆ.

ಇನ್ನೊಂದು ಕಡೆ ಮೊಬೈಲಿನಲ್ಲಿ ನೀರುನಾಯಿಯ ವಿಡಿಯೊ ನೋಡಿ ಮನಸೋತವರು ಇದ್ದಾರೆ. ಅವರ ಕಣ್ಣಿಗೆ ಮೀನುಗಾರನೇ ಖಳನಾಯಕ. ಎರಡೂ ಕಡೆಯ ತಪ್ಪು ತಿಳಿವಳಿಕೆ ಸೇರಿ ಪ್ರಾಣಿಗೂ ಕೆಟ್ಟದ್ದಾಗುತ್ತಿದೆ, ಬಲೆ ನಂಬಿದವರಿಗೂ ಕೆಟ್ಟದ್ದಾಗುತ್ತಿದೆ. ಕಡಲು ಕಾಣದ, ಗೌರಿಬಿದನೂರು ಕಡೆಯ ನಗರಗೆರೆ ಸೀಮೆಯಲ್ಲಿ ಕೂತು ಇದನ್ನು ಬರೆಯಲು ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ತಪ್ಪು ಕಲ್ಪನೆ: ಕಾರವಾರ, ಕುಮಟಾ ಕಡೆ ಉಪ್ಪುನೀರಿನಲ್ಲಿ ಕಾಣುವುದು ಕಡಲ ನೀರುನಾಯಿ.

ವಾಸ್ತವ: ನೀರಿನ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಕಲ್ಲಿಟ್ಟುಕೊಂಡು ಚಿಪ್ಪು ಕುಟ್ಟಿ ಒಡೆಯುವ ಪ್ರಾಣಿಯನ್ನು ನೀವು ವಿಡಿಯೊದಲ್ಲಿ ನೋಡಿರುತ್ತೀರಿ. ಅದು ಕಡಲ ನೀರುನಾಯಿ. ಪೆಸಿಫಿಕ್ ಸಾಗರದ ಉತ್ತರದ ತಣ್ಣನೆಯ ಅಂಚುಗಳಲ್ಲಿ ಮಾತ್ರ, ಮುಖ್ಯವಾಗಿ ಅಲಾಸ್ಕ, ಕೆನಡಾದ ಪಶ್ಚಿಮ ತೀರ, ಕ್ಯಾಲಿಫೋರ್ನಿಯ ಮತ್ತು ರಷ್ಯಾದ ಪೂರ್ವ ತೀರಗಳಲ್ಲಿ ಬದುಕುತ್ತದೆ. ಅರಬ್ಬೀ ಸಮುದ್ರದಲ್ಲಾಗಲಿ ಬಂಗಾಳ ಕೊಲ್ಲಿಯಲ್ಲಾಗಲಿ ಅದು ಇಲ್ಲ.

ನಮ್ಮಲ್ಲಿರುವುದು ಹೊಳೆಯ ನೀರುನಾಯಿಗಳು. ಭಾರತದಲ್ಲಿ ಮೂರು ಜಾತಿಗಳಿವೆ. ಅವುಗಳಲ್ಲಿ ಕರ್ನಾಟಕದ ಜನ ಹೆಚ್ಚಾಗಿ ಕಾಣುವುದು ನುಣುಪು ತುಪ್ಪಳದ, ಹತ್ತು ಕಿಲೊವರೆಗೂ ತೂಗುವ ದೊಡ್ಡ ನೀರುನಾಯಿಯನ್ನು. ಕಾವೇರಿ, ತುಂಗಭದ್ರೆಯಂಥ ದೊಡ್ಡ ಹೊಳೆಗಳಲ್ಲೂ ಪಶ್ಚಿಮ ಕರಾವಳಿಯ ಅಳಿವೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡುಗಳಲ್ಲೂ ಇದು ಸಂಸಾರ ಸಮೇತ ಓಡಾಡುತ್ತದೆ. ರಂಗನತಿಟ್ಟಿನಲ್ಲಿ ಹಕ್ಕಿ ನೋಡಲು ಹೋದವರಿಗೆ ಅದೃಷ್ಟವಿದ್ದರೆ ಕಾಣಿಸುವುದೂ ಇದೇ. ಕೊಡಗು, ಚಿಕ್ಕಮಗಳೂರಿನ ಬೆಟ್ಟದ ತೊರೆಗಳಲ್ಲಿ ಇನ್ನೂ ಚಿಕ್ಕದೊಂದು ಜಾತಿಯಿದೆ. ಮೀನಿಗಿಂತ ಏಡಿಯೇ ಅದರ ಮುಖ್ಯ ಆಹಾರ. ಈ ಎರಡನ್ನೂ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ತನ್ನ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೆ ಒಳಗಾದ ಜೀವಿಗಳ ಸಾಲಿನಲ್ಲಿ ಇರಿಸಿದೆ.

ಈ ವ್ಯತ್ಯಾಸ ತಿಳಿದಿರಬೇಕು. ಕಡಲ ನೀರುನಾಯಿ ಇಡೀ ಆಯಸ್ಸನ್ನು ಕಡಲಲ್ಲೇ ಕಳೆಯಬಲ್ಲದು. ನಮ್ಮದಕ್ಕೆ ನೀರೂ ಬೇಕು, ದಡವೂ ಬೇಕು. ಬಂಡೆಗಳ ಸಂದಿ, ಮರದ ಬೇರಿನ ಪೊಟರೆ, ಮಣ್ಣಿನ ದಂಡೆಯಲ್ಲಿ ಬಿಲ ಇವಿಲ್ಲದೆ ಮರಿ ಹಾಕಲು ಜಾಗವಿಲ್ಲ. ದಂಡೆಗೆ ಕಾಂಕ್ರೀಟ್ ಗೋಡೆ ಕಟ್ಟಿ, ಮರಳು ಬಗೆದು, ಬಂಡೆ ಒಡೆದರೆ ನೀರು ತುಂಬಿ ಹರಿದರೂ ಅದರ ಮನೆ ಹೋದಂತೆಯೇ.

ತಪ್ಪು ಕಲ್ಪನೆ: ಕಡಲ ನೀರುನಾಯಿ ನಾಶವಾದದ್ದು ಆ ತೀರದ ಮೀನುಗಾರರಿಂದ.

ವಾಸ್ತವ: ಅದನ್ನು ಅಳಿವಿನ ಅಂಚಿಗೆ ತಳ್ಳಿದ್ದು ತುಪ್ಪಳದ ವ್ಯಾಪಾರ. 1741ರಲ್ಲಿ ರಷ್ಯಾದ ಪರವಾಗಿ ಕಡಲಯಾನ ಹೊರಟಿದ್ದ ವಿಟಸ್ ಬೇರಿಂಗ್‌ನ ಹಡಗು ಒಡೆದು ದ್ವೀಪವೊಂದರಲ್ಲಿ ಸಿಕ್ಕಿಕೊಂಡ ನಾವಿಕರು ಬದುಕಿ ಊರಿಗೆ ಮರಳುವಾಗ ಈ ಪ್ರಾಣಿಯ ಚರ್ಮಗಳನ್ನು ಹೊತ್ತುಕೊಂಡು ಹೋದರು. ಕಡಲ ನೀರುನಾಯಿಗೆ ತಿಮಿಂಗಿಲ, ಸೀಲ್‌ಗಳಿಗಿರುವಂಥ ಕೊಬ್ಬಿನ ಪದರವಿಲ್ಲ. ಚಳಿ ತಡೆಯಲು ಇರುವುದು ತುಪ್ಪಳವೊಂದೇ, ಅಷ್ಟು ದಟ್ಟವಾದ ತುಪ್ಪಳ ಬೇರಾವ ಪ್ರಾಣಿಗೂ ಇಲ್ಲ. ಅದೇ ಅದಕ್ಕೆ ಮುಳುವಾಯಿತು. ಚೀನಾದ ಸಿರಿವಂತರ ನಿಲುವಂಗಿಗಾಗಿ ರಷ್ಯನ್ನರು, ಆಮೇಲೆ ಬ್ರಿಟಿಷರು, ಅಮೆರಿಕನ್ನರು ಮುಗಿಬಿದ್ದರು. ಲಕ್ಷಕ್ಕೂ ಮೀರಿದ್ದ ಪ್ರಾಣಿ 1911ರ ಹೊತ್ತಿಗೆ ಒಂದೆರಡು ಸಾವಿರಕ್ಕೆ ಇಳಿದಿತ್ತು. ಆ ವರ್ಷ ರಷ್ಯಾ, ಜಪಾನ್, ಅಮೆರಿಕ, ಬ್ರಿಟನ್ ಸೇರಿ ಒಪ್ಪಂದ ಮಾಡಿಕೊಂಡ ಮೇಲೆ ಬೇಟೆ ನಿಂತಿತು.

ಅಲಾಸ್ಕದ ಅಲ್ಯೂಟ್ ಜನ ಈ ಪ್ರಾಣಿಯನ್ನು ತಲೆತಲಾಂತರದಿಂದ ತಮ್ಮ ಬಳಕೆಗೆ ಬೇಟೆಯಾಡುತ್ತಿದ್ದರು. ಆಗ ಅದು ಮುಗಿದುಹೋಗಿರಲಿಲ್ಲ. ವ್ಯಾಪಾರಿಗಳು ಬಂದು, ಹೆಂಡಿರು ಮಕ್ಕಳನ್ನು ಒತ್ತೆಯಿಟ್ಟುಕೊಂಡು, ಆ ಗಂಡಸರನ್ನು ಬಲವಂತದಿಂದ ಬೇಟೆಗೆ ಕಳಿಸಿದ ಮೇಲೆ ಮುಗಿಯಿತು. ಲಾಭ ಸೇರಿದ್ದು ದೂರದ ಕಂಪನಿಗಳಿಗೆ. ಪ್ರಾಣಿಯನ್ನೂ ಕಳೆದುಕೊಂಡು ಸ್ವಾತಂತ್ರ್ಯವನ್ನೂ ಕಳೆದುಕೊಂಡವರು ತೀರದ ಜನ. ನಮ್ಮ ಹೊಳೆಗಳ ಕಥೆ ಹೇಳುವಾಗ ಇದನ್ನು ನೆನಪಿಡಬೇಕು. ನೀರಿನ ದಡದಲ್ಲಿ ಕಣ್ಣಿಗೆ ಬೀಳುವವನೇ ನೀರು ಹಾಳುಮಾಡಿದವನಾಗಿರುವುದಿಲ್ಲ.

ಒಪ್ಪಂದದ ನಂತರ ಕಡಲ ನೀರುನಾಯಿ ಕೆಲವು ಕಡೆ ಚೇತರಿಸಿಕೊಂಡಿತು. ಆದರೆ ಕಷ್ಟ ತೀರಿಲ್ಲ. 1989ರಲ್ಲಿ ಅಲಾಸ್ಕ ತೀರದಲ್ಲಿ ಎಕ್ಸನ್ ವಾಲ್ಡೀಸ್ ಹಡಗಿನ ಎಣ್ಣೆ ಚೆಲ್ಲಿದಾಗ ಸಾವಿರಾರು ಸತ್ತವು. ತುಪ್ಪಳಕ್ಕೆ ಎಣ್ಣೆ ಮೆತ್ತಿದರೆ ಅದು ಚಳಿ ತಡೆಯುವುದಿಲ್ಲ. 1990ರ ದಶಕದಲ್ಲಿ ಅಲ್ಯೂಷಿಯನ್ ದ್ವೀಪಗಳ ಸುತ್ತ ಸಂಖ್ಯೆ ಮತ್ತೆ ಕುಸಿಯಿತು. ಆಹಾರ ಕಡಿಮೆಯಾದ ಕೊಲೆಗಾರ ತಿಮಿಂಗಿಲಗಳು ಇವನ್ನು ಹಿಡಿಯತೊಡಗಿದ್ದೇ ಕಾರಣವೆಂದು ಜೀವವಿಜ್ಞಾನಿ ಜೇಮ್ಸ್ ಎಸ್ಟಿಸ್ ಮತ್ತು ಸಂಗಡಿಗರು ವಾದಿಸಿದರು. ನೈರುತ್ಯ ಅಲಾಸ್ಕದ ನೀರುನಾಯಿಗಳನ್ನು 2005ರಲ್ಲಿ ಅಮೆರಿಕ ಸರ್ಕಾರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ತಪ್ಪು ಕಲ್ಪನೆ: ನೀರುನಾಯಿ ಇದ್ದಲ್ಲಿ ಮೀನು ಖಾಲಿ.

ವಾಸ್ತವ: ಎಲ್ಲ ಮಾತುಗಳಿಗಿಂತ ಹೆಚ್ಚು ಹಾನಿ ಮಾಡಿದ ಮಾತು ಇದು.

ಮೊದಲು ಕಡಲಿನ ಉದಾಹರಣೆ. 1974ರಲ್ಲಿ ಎಸ್ಟಿಸ್ ಮತ್ತು ಜಾನ್ ಪಾಮಿಸಾನೊ ಅಲ್ಯೂಷಿಯನ್ ದ್ವೀಪಗಳಲ್ಲಿ ತಾವು ಕಂಡದ್ದನ್ನು ಪ್ರಕಟಿಸಿದರು. ನೀರುನಾಯಿ ಇದ್ದ ದ್ವೀಪಗಳ ಸುತ್ತ ಕೆಲ್ಪ್ ಎಂಬ ಕಡಲ ಪಾಚಿಯ ದಟ್ಟ ಕಾಡು. ಇಲ್ಲದ ದ್ವೀಪಗಳ ಸುತ್ತ ಬೋಳು ಬಂಡೆ, ಅದರ ತುಂಬ ಮುಳ್ಳುಚೆಂಡಿನಂಥ ಕಡಲ ಜೀವಿಗಳು. ಆ ಜೀವಿಗಳು ಪಾಚಿಯನ್ನು ಬುಡದಿಂದ ಮೇಯುತ್ತವೆ. ನೀರುನಾಯಿ ಅವನ್ನು ತಿನ್ನುತ್ತದೆ. ನೀರುನಾಯಿ ಹೋದರೆ ಅವು ಹೆಚ್ಚಿ, ಪಾಚಿಯ ಕಾಡು ಹೋಗುತ್ತದೆ. ಆ ಕಾಡಿನಲ್ಲಿ ಅಡಗಿ ಬೆಳೆಯುವ ಮೀನುಮರಿಗಳಿಗೂ ನೆಲೆ ತಪ್ಪುತ್ತದೆ. ತಿನ್ನುವ ಪ್ರಾಣಿಯೊಂದು ಇರುವುದರಿಂದಲೇ ಮೀನು ಹೆಚ್ಚಬಹುದು ಎಂಬುದಕ್ಕೆ ಜಗತ್ತಿನ ಪಾಠಪುಸ್ತಕಗಳು ಕೊಡುವ ಉದಾಹರಣೆ ಇದು.

ನಮ್ಮ ಹೊಳೆಗೆ ಇದನ್ನು ಹಾಗೆಯೇ ಅಂಟಿಸಲಾಗದು. ಇಲ್ಲಿ ಕೆಲ್ಪ್ ಇಲ್ಲ, ನಮ್ಮ ನೀರುನಾಯಿ ಮುಖ್ಯವಾಗಿ ಮೀನನ್ನೇ ತಿನ್ನುತ್ತದೆ. ಆದರೆ ಯಾವ ಮೀನು? ಕೇರಳದ ಪೆರಿಯಾರ್ ಜಲಾಶಯದಲ್ಲಿ ಅದರ ಹಿಕ್ಕೆಗಳನ್ನು ಬಿಡಿಸಿ ನೋಡಿದ ಸಂಶೋಧಕರಿಗೆ ಹೊರಗಿನಿಂದ ತಂದು ಬಿಟ್ಟ ಸಾಮಾನ್ಯ ಗೆಂಡೆ ಮತ್ತು ಜಿಲೇಬಿ ಮೀನು ದೊಡ್ಡ ಪಾಲಾಗಿ ಕಂಡವು. ಜಿಲೇಬಿ ನಮ್ಮ ಕೆರೆ ಹೊಳೆಗಳಲ್ಲಿ ಮಿತಿಮೀರಿ ಹೆಚ್ಚಿ ನಾಡಮೀನುಗಳ ಜಾಗ ಕಿತ್ತುಕೊಂಡಿರುವುದು ಬಲೆ ಹಾಕುವ ಪ್ರತಿಯೊಬ್ಬರಿಗೂ ಗೊತ್ತು. ಕೈಗೆ ಸುಲಭವಾಗಿ ಸಿಗುವುದನ್ನು, ಹೆಚ್ಚಾಗಿ ಇರುವುದನ್ನು, ನಿಧಾನಗತಿಯದನ್ನು ಹಿಡಿಯುವುದು ಯಾವುದೇ ಬೇಟೆಗಾರ ಪ್ರಾಣಿಯ ಸ್ವಭಾವ.

ಹಾಗಾದರೆ ಮೀನು ಹೋದದ್ದು ಎಲ್ಲಿಗೆ? ಕಾವೇರಿಯ ಬಿಳಿಮೀನನ್ನು ತೆಗೆದುಕೊಳ್ಳಿ. ಮಹಸೀರ್ ಎಂದು ಹೊರಗಿನವರು ಕರೆಯುವ, ಗೂನು ಬೆನ್ನಿನ ಈ ಮೀನು ಜಗತ್ತಿನಲ್ಲಿ ಕಾವೇರಿ ಕಣಿವೆ ಬಿಟ್ಟು ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಅಳಿವಿನ ತೀವ್ರ ಅಪಾಯದಲ್ಲಿದೆ ಎಂದು ಘೋಷಿಸಲಾಯಿತು. ಕಾರಣಗಳು ಅಣೆಕಟ್ಟು, ನೀರಿನ ಹರಿವಿನ ಏರುಪೇರು, ಬೇರೆ ಕಡೆಯಿಂದ ತಂದು ಬಿಟ್ಟ ಇನ್ನೊಂದು ಜಾತಿಯ ಮಹಸೀರ್, ಸಿಡಿಮದ್ದು. ನೀರುನಾಯಿಯೂ ಬಿಳಿಮೀನೂ ಸಾವಿರಾರು ವರ್ಷ ಒಂದೇ ಮಡುವಿನಲ್ಲಿ ಬದುಕಿವೆ. ಬಿಳಿಮೀನು ಮುಗಿಯತೊಡಗಿದ್ದು ಮನುಷ್ಯನ ಈ ಕೆಲಸಗಳು ಶುರುವಾದ ಮೇಲೆ.

ಸಿಡಿಮದ್ದಿನ ವಿಷಯ ಇನ್ನೊಂದಿಷ್ಟು ಹೇಳಬೇಕು. ತೋಟೆ ಹಾಕಿದಾಗ ನೀರಿನೊಳಗೆ ಏಳುವ ಒತ್ತಡದ ಅಲೆಗೆ ಮೀನಿನ ಗಾಳಿಚೀಲ ಒಡೆಯುತ್ತದೆ. ತೇಲಿದ್ದನ್ನಷ್ಟೇ ಆರಿಸುತ್ತಾರೆ. ತಳಕ್ಕಿಳಿದವು ಅಲ್ಲೇ ಕೊಳೆಯುತ್ತವೆ. ಮೊಟ್ಟೆ, ಮರಿ, ಸೀಗಡಿ, ಏಡಿ ಎಲ್ಲವೂ ಆ ಒಂದು ಸದ್ದಿಗೆ ಹೋಗುತ್ತವೆ. ಮಡುವಿನಲ್ಲಿ ನೀರುನಾಯಿ ಇದ್ದರೆ ಅದೂ ಹೋಗುತ್ತದೆ. ಒಂದು ಮಡುವಿಗೆ ಒಬ್ಬ ತೋಟೆ ಹಾಕಿದರೆ ಮುಂದೆ ಅದೇ ಮಡುವಿನಲ್ಲಿ ಬಲೆ ಬಿಡುವ ಹತ್ತು ಮನೆಗಳ ಅನ್ನಕ್ಕೆ ಕಲ್ಲು ಬೀಳುತ್ತದೆ. ವಿಷ ಸುರಿದು ಹಿಡಿಯುವುದೂ ಇಷ್ಟೇ ಕೇಡಿನದು. ಇದನ್ನು ಮಾಡುವವರು ಬಹಳಷ್ಟು ಕಡೆ ಕುಲಕಸುಬಿನ ಮೀನುಗಾರರಲ್ಲ. ಬಲೆ ಹೆಣೆಯಲು, ಹೊಳೆಯ ಸುಳಿ ಓದಲು ಬಾರದವರು.

ಕೈಗಾರಿಕೆಯ ಪಾಲೂ ಇದೆ. 1980ರ ದಶಕದಲ್ಲಿ ಹರಿಹರದ ಕೆಳಗೆ ತುಂಗಭದ್ರೆಯಲ್ಲಿ ಕಾರ್ಖಾನೆ ತ್ಯಾಜ್ಯದಿಂದ ಮೀನುಗಳು ರಾಶಿರಾಶಿ ಸತ್ತಾಗ ದಡದ ಹಳ್ಳಿಗಳ ಜನ ದನಿಯೆತ್ತಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನಾ ಸಮುದಾಯ ಎಂಬ ಸಂಘಟನೆ ಆ ಹೋರಾಟದಿಂದಲೇ ನಾಡಿಗೆ ಪರಿಚಯವಾಯಿತು. ಹೊಳೆ ಕೆಟ್ಟಿದೆ ಎಂಬುದರ ಮೊದಲ ಸಾಕ್ಷಿಗಳು ಮೀನುಗಾರರು. ಆ ನೀರಿನಲ್ಲೇ ಇರುವ, ಬಾಯಿಲ್ಲದ ಇನ್ನೊಂದು ಸಾಕ್ಷಿ ನೀರುನಾಯಿ.

ಕರಾವಳಿಯಲ್ಲೂ ಲೆಕ್ಕ ಬೇರೆಯಲ್ಲ. ಬೂತಾಯಿ ಸಿಗದ ವರ್ಷ ನಾಡದೋಣಿಯವರು ಬೈಯುವುದು ಬೆಳಕು ಹಾಕಿ ಮೀನು ಸೆಳೆಯುವ ದೋಣಿಗಳನ್ನು, ಎರಡು ಬೋಟುಗಳ ನಡುವೆ ಒಂದೇ ಬಲೆ ಕಟ್ಟಿ ತಳ ಬಾಚುವವರನ್ನು. ಅವರ ದೂರು ಸರಿಯಾಗಿಯೇ ಇದೆ. ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ಕಾಂಡ್ಲಾ ಕಡಿದು ಅಳಿವೆ ತುಂಬಿದರೆ ಮೀನುಮರಿ ಬೆಳೆಯುವ ತೊಟ್ಟಿಲೇ ಹೋಗುತ್ತದೆ ಎಂಬುದೂ ಅವರಿಗೆ ಗೊತ್ತು. ಉತ್ತರ ಕನ್ನಡದ ಅಘನಾಶಿನಿ ಹೊಳೆಯ ಮೇಲೆ ಅಣೆಕಟ್ಟಿಲ್ಲ. ಅದರ ಅಳಿವೆಯ ತದಡಿಯಲ್ಲಿ ಬರಬೇಕಿದ್ದ ಭಾರೀ ಉಷ್ಣ ವಿದ್ಯುತ್ ಸ್ಥಾವರವನ್ನು ಅಲ್ಲಿಯ ಜನ ವಿರೋಧಿಸಿದರು, ಅದು ಬರಲಿಲ್ಲ. ಆದ್ದರಿಂದ ಆ ಅಳಿವೆಯಲ್ಲಿ ಇವತ್ತಿಗೂ ಹೆಂಗಸರು ಇಳಿತದ ಹೊತ್ತಿನಲ್ಲಿ ಬೆಳಚು ಎಂಬ ಚಿಪ್ಪುಜೀವಿ ಆಯುತ್ತಾರೆ, ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ ಕಗ್ಗ ಭತ್ತವೂ ಸೀಗಡಿಯೂ ಬೆಳೆಯುತ್ತವೆ. 2024ರಲ್ಲಿ ಆ ಅಳಿವೆಗೆ, ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆಯೂ ಬಂತು. ಅಳಿವೆ ಉಳಿದ ಕಡೆ ಜನರ ಪಾಲೂ ಪ್ರಾಣಿಯ ಪಾಲೂ ಒಟ್ಟಿಗೇ ಉಳಿದಿವೆ.

ತಪ್ಪು ಕಲ್ಪನೆ: ನೀರುನಾಯಿಯಿಂದ ನಷ್ಟವೇ ಇಲ್ಲ, ಅದು ಮೀನುಗಾರರ ನೆಪ.

ವಾಸ್ತವ: ಪ್ರಾಣಿಪ್ರಿಯರು ಆಡುವ ಈ ಮಾತನ್ನು ನಾನು ಒಪ್ಪುವುದಿಲ್ಲ. ನಷ್ಟ ನಿಜ.

ನೀರುನಾಯಿ ಬುದ್ಧಿವಂತ ಪ್ರಾಣಿ. ಬಲೆಯಲ್ಲಿ ಒದ್ದಾಡುವ ಮೀನು ಬೆನ್ನಟ್ಟಿ ಹಿಡಿಯುವ ಮೀನಿಗಿಂತ ಸುಲಭ ಎಂದು ಬೇಗ ಕಲಿಯುತ್ತದೆ. ಬೇಸಿಗೆಯಲ್ಲಿ ಹೊಳೆ ಇಳಿದು ನೀರು ಮಡುಗಳಲ್ಲಿ ಮಾತ್ರ ಉಳಿದಾಗ ಮೀನೂ ಅಲ್ಲೇ, ಬಲೆಯೂ ಅಲ್ಲೇ, ನೀರುನಾಯಿಯೂ ಅಲ್ಲೇ. ಅಣೆಕಟ್ಟಿನಿಂದ ಕಾಲುವೆಗೆ ನೀರು ತಿರುಗಿದಷ್ಟೂ ಮಡು ಚಿಕ್ಕದಾಗುತ್ತದೆ, ಜಗಳ ದೊಡ್ಡದಾಗುತ್ತದೆ. ಈ ಜಗಳದಲ್ಲಿ ಪ್ರಾಣಿಯೂ ಸಾಯುತ್ತದೆ. ನೈಲಾನ್ ಬಲೆಗೆ ಸಿಕ್ಕಿಕೊಂಡ ನೀರುನಾಯಿ ಉಸಿರಿಗೆ ಮೇಲೆ ಬರಲಾಗದೆ ಮುಳುಗಿ ಸಾಯುತ್ತದೆ. ಮರಿಗಳಿಗೆ ಈ ಗತಿ ಇನ್ನೂ ಸುಲಭವಾಗಿ ಬರುತ್ತದೆ.

ಕಡಲ ನೀರುನಾಯಿಯ ಮಟ್ಟಿಗೂ ಇದು ನಿಜ. ಅದು ದಿನಕ್ಕೆ ತನ್ನ ತೂಕದ ಕಾಲು ಭಾಗದಷ್ಟು ತಿನ್ನುತ್ತದೆ. 1960ರ ದಶಕದಲ್ಲಿ ಆಗ್ನೇಯ ಅಲಾಸ್ಕಕ್ಕೆ ನಾನೂರರಷ್ಟು ನೀರುನಾಯಿಗಳನ್ನು ತಂದು ಬಿಟ್ಟರು. ಅವು ಹೆಚ್ಚುತ್ತಾ ಹೋದಂತೆ ಏಡಿ, ದೊಡ್ಡ ಚಿಪ್ಪುಮೀನು, ಕಡಲಸೌತೆ ಹಿಡಿಯುವವರ ಕಸುಬಿಗೆ ನಿಜವಾದ ಪೆಟ್ಟು ಬಿತ್ತು. 2020ರಲ್ಲಿ ಕೆನಡಾದ ಪಶ್ಚಿಮ ತೀರದ ಬಗ್ಗೆ ಪ್ರಕಟವಾದ ಅಧ್ಯಯನವೊಂದು ಮೀನು, ಪ್ರವಾಸ, ಪಾಚಿಕಾಡು ಹೀರುವ ಇಂಗಾಲ ಎಲ್ಲವನ್ನೂ ಕೂಡಿಸಿ ನೋಡಿದರೆ ನೀರುನಾಯಿಯಿಂದ ಬರುವ ಲಾಭ ನಷ್ಟಕ್ಕಿಂತ ದೊಡ್ಡದು ಎಂದು ಲೆಕ್ಕ ಕೊಟ್ಟಿತು. ಆ ಲೆಕ್ಕ ಸರಿಯೇ ಇರಬಹುದು. ಆದರೆ ಲಾಭ ಹೋಗುವುದು ದೋಣಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವವನಿಗೆ, ನಷ್ಟ ಬೀಳುವುದು ಏಡಿ ನಂಬಿದ ಮೂಲನಿವಾಸಿಯ ಮನೆಗೆ. ಒಟ್ಟು ಲೆಕ್ಕ ತೋರಿಸಿ ಒಬ್ಬನ ನಷ್ಟವನ್ನು ಅಳಿಸಿಹಾಕುವುದು ನ್ಯಾಯವಲ್ಲ.

ಆನೆ ರಾಗಿ ತುಳಿದರೆ, ಚಿರತೆ ಕುರಿ ಹಿಡಿದರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಹೊಳೆಯಲ್ಲಿ ಹರಿದ ಬಲೆಗೂ ಅಷ್ಟೇ ಸಲೀಸಾಗಿ ಪರಿಹಾರ ಸಿಗಬೇಕು. ಇಲ್ಲಿ ಸಾಕ್ಷಿ ತೋರಿಸುವುದು ಕಷ್ಟ, ಮೊತ್ತವೂ ಚಿಕ್ಕದು, ಆದ್ದರಿಂದ ಯಾರೂ ಅರ್ಜಿ ಹಿಡಿದು ಅಲೆಯುವುದಿಲ್ಲ. ನಷ್ಟ ತುಂಬಿಕೊಡದೆ ಪ್ರಾಣಿ ಉಳಿಸಿ ಎಂದು ಬೋಧಿಸಿದರೆ ಯಾರು ಕೇಳುತ್ತಾರೆ?

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಬಾಂಗ್ಲಾದೇಶದ ನರೈಲ್ ಜಿಲ್ಲೆಯಲ್ಲಿ ಮೀನುಗಾರರು ನೀರುನಾಯಿಗಳನ್ನು ಪಳಗಿಸಿ, ಹಗ್ಗ ಕಟ್ಟಿ ನೀರಿಗಿಳಿಸಿ, ಅವುಗಳಿಂದ ಮೀನನ್ನು ಬಲೆಯತ್ತ ಅಟ್ಟಿಸುತ್ತಾರೆ. ತಲೆಮಾರುಗಳಿಂದ ನಡೆದು ಬಂದ ಕಸುಬು ಅದು. ಆ ನೀರುನಾಯಿ ನಮ್ಮ ತುಂಗಭದ್ರೆಯಲ್ಲಿರುವ ಜಾತಿಯೇ. ಇವತ್ತು ಅಲ್ಲಿ ಆ ಕಸುಬು ಸೊರಗುತ್ತಿರುವುದು ಹೊಳೆಯಲ್ಲಿ ಮೀನು ಕಡಿಮೆಯಾಗಿರುವುದರಿಂದ. ಮೀನುಗಾರನಿಗೂ ನೀರುನಾಯಿಗೂ ಹುಟ್ಟಾ ಹಗೆತನವಿದೆ ಎನ್ನುವವರು ಆ ದೋಣಿಗಳ ಚಿತ್ರವನ್ನೊಮ್ಮೆ ನೋಡಬೇಕು.

ತಪ್ಪು ಕಲ್ಪನೆ: ಗುಂಪುಗುಂಪಾಗಿ ಕಾಣುತ್ತವೆ, ಆದ್ದರಿಂದ ಬೇಕಾದಷ್ಟಿವೆ.

ವಾಸ್ತವ: ಕಂಡ ಗುಂಪು ಒಂದೇ ಸಂಸಾರ. ಗಂಡು, ಹೆಣ್ಣು, ಈ ವರ್ಷದ ಮರಿಗಳು, ಹಿಂದಿನ ವರ್ಷದ ಮಕ್ಕಳು. ಅದೇ ಸಂಸಾರ ಹೊಳೆಯುದ್ದಕ್ಕೂ ಹಲವು ಕಿಲೊಮೀಟರ್ ಓಡಾಡುತ್ತದೆ. ಇವತ್ತು ಈ ಊರಿನ ಮಡುವಿನಲ್ಲಿ ಎಂಟು ಕಂಡವು, ನಾಳೆ ಆ ಊರಿನಲ್ಲಿ ಎಂಟು ಕಂಡವು ಎಂದರೆ ಹದಿನಾರಲ್ಲ. ಬಂಡೆಯ ಮೇಲೆ ಬಿಟ್ಟ ಹಿಕ್ಕೆ, ಮರಳಿನ ಮೇಲಿನ ಹೆಜ್ಜೆ ನೋಡಿ ಎಣಿಸುವವರು ಈ ಎಚ್ಚರ ಇಟ್ಟುಕೊಳ್ಳುತ್ತಾರೆ. ಒಂದು ಸಂಸಾರ ಒಂದು ತೋಟೆಗೆ ಹೋದರೆ ಹೊಳೆಯ ಅಷ್ಟುದ್ದ ಖಾಲಿಯಾಗುತ್ತದೆ.

ತಪ್ಪು ಕಲ್ಪನೆ: ಮೀಸಲು ಘೋಷಿಸಿದರೆ ಮೀನುಗಾರರನ್ನು ಒಕ್ಕಲೆಬ್ಬಿಸುತ್ತಾರೆ.

ವಾಸ್ತವ: 2015ರಲ್ಲಿ ರಾಜ್ಯ ಸರ್ಕಾರ ತುಂಗಭದ್ರಾ ಜಲಾಶಯದ ಕೆಳಗಿನ ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿ.ಮೀ. ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ನೀರುನಾಯಿಗೆಂದೇ ದೇಶದಲ್ಲಿ ಘೋಷಣೆಯಾದ ಮೊದಲ ಮೀಸಲು ಅದು. ಹಂಪಿ, ಆನೆಗೊಂದಿ ಇರುವುದು ಈ ಹರವಿನಲ್ಲೇ. ಹೊಳೆಯ ನಡುವಿನ ಬಂಡೆಗುಡ್ಡಗಳು ನೀರುನಾಯಿಗೆ ಮನೆ, ಮೊಸಳೆಗೆ ಬಿಸಿಲು ಕಾಯುವ ಜಾಗ.

ಸಂರಕ್ಷಣಾ ಮೀಸಲು ಎಂಬುದು ರಾಷ್ಟ್ರೀಯ ಉದ್ಯಾನವಲ್ಲ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು ಸೇರಿಸಿದ ಈ ವ್ಯವಸ್ಥೆಯಲ್ಲಿ ಸ್ಥಳೀಯರ ಜೊತೆ ಸಮಾಲೋಚಿಸಿದ ಮೇಲೆ ಸರ್ಕಾರಿ ಜಾಗವನ್ನಷ್ಟೇ ಘೋಷಿಸಬೇಕು. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳು ಇರಬೇಕು. ಜನರನ್ನು ಎಬ್ಬಿಸುವ ಮಾತು ಅದರಲ್ಲಿಲ್ಲ. ಸಿಡಿಮದ್ದು, ವಿಷದಂಥ ವಸ್ತುಗಳ ಬಳಕೆಗೆ ಖಚಿತ ನಿಷೇಧವಿದೆ. ಅದು ಕಸುಬಿನ ಮೀನುಗಾರನ ಪರವಾಗಿಯೇ ಇರುವ ನಿಷೇಧ.

ಇದರ ಎದುರು ತುದಿಯ ತಪ್ಪು ಕಲ್ಪನೆಯೂ ಇದೆ, ಘೋಷಣೆಯಾದ ಮೇಲೆ ಕೆಲಸ ಮುಗಿಯಿತು ಎಂದು. ಬೋರ್ಡು ನೆಟ್ಟರೆ ಹೊಳೆ ಉಳಿಯುವುದಿಲ್ಲ. ಮರಳು ತೆಗೆಯುವವರು, ಬಂಡೆ ಒಡೆಯುವವರು, ತೋಟೆ ಹಾಕುವವರು ಬೋರ್ಡು ಓದಿ ನಿಲ್ಲುವವರಲ್ಲ. ಸಮಿತಿ ನಿಯಮಿತವಾಗಿ ಸೇರಬೇಕು. ಹರಿಗೋಲಿನವರಿಗೆ ಅದರಲ್ಲಿ ನಿಜವಾದ ಮಾತಿರಬೇಕು. ಹೊಳೆಯನ್ನು ಹಗಲು ರಾತ್ರಿ ನೋಡುವವರು ಅವರೊಬ್ಬರೇ. ಕಾವಲಿಗೆ ಅವರಿಗಿಂತ ಒಳ್ಳೆಯವರು ಸಿಗುವುದಿಲ್ಲ, ಆ ಕಾವಲಿಗೆ ಸಂಬಳವನ್ನೂ ಕೊಡಬೇಕು.

ತಪ್ಪು ಕಲ್ಪನೆ: ಮುದ್ದು ಪ್ರಾಣಿ, ಮನೆಯಲ್ಲಿ ಸಾಕಬಹುದು.

ವಾಸ್ತವ: ಸಾಕುವುದು ಅಪರಾಧ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಅಡಿ ನೀರುನಾಯಿ ರಕ್ಷಿತ ಪ್ರಾಣಿ. ಆಗ್ನೇಯ ಏಷ್ಯಾದಲ್ಲಿ ಮರಿ ಮಾರುವ ದಂಧೆ ಹೆಚ್ಚಿದ್ದರಿಂದ 2019ರಲ್ಲಿ ಕರ್ನಾಟಕದ ಈ ಎರಡೂ ಜಾತಿಗಳ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು ನಿಷೇಧಿಸಲಾಯಿತು. ಹುಲಿ, ಚಿರತೆ ಚರ್ಮದ ಕಳ್ಳಸಾಗಣೆ ಹಿಡಿದಾಗ ಜೊತೆಗೆ ನೀರುನಾಯಿ ಚರ್ಮವೂ ಸಿಕ್ಕ ಪ್ರಕರಣಗಳು ನಮ್ಮ ದೇಶದಲ್ಲಿ ಬೇಕಾದಷ್ಟಿವೆ. ಮರಿಯ ವಿಡಿಯೊ ಹಂಚುವ ಮುನ್ನ ಆ ಮರಿ ತಾಯಿಯಿಂದ ಹೇಗೆ ಬೇರಾಯಿತು ಎಂದು ಯೋಚಿಸಬೇಕು.

ತಪ್ಪು ಕಲ್ಪನೆ: ಒಮ್ಮೆ ಹೋದರೆ ಮುಗಿಯಿತು, ಇನ್ನು ಬರುವುದಿಲ್ಲ.

ವಾಸ್ತವ: ಸಿಂಗಪುರದಿಂದ ಇದೇ ದೊಡ್ಡ ನೀರುನಾಯಿ ಕೊಳಕು ನೀರಿನಿಂದಾಗಿ ಮರೆಯಾಗಿತ್ತು. 1977ರಿಂದ ಹತ್ತು ವರ್ಷ ಆ ನಗರ ತನ್ನ ಹೊಳೆಯನ್ನು ತೊಳೆಯಿತು. 1990ರ ದಶಕದ ಕೊನೆಗೆ ನೀರುನಾಯಿಗಳು ತಾವಾಗಿಯೇ ಮರಳಿದವು. ಈಗ ನಡುಪೇಟೆಯಲ್ಲಿ ರಸ್ತೆ ದಾಟುತ್ತವೆ, ಮನೆಗಳ ಕೊಳದಲ್ಲಿ ಸಾಕಿದ ಬಣ್ಣದ ಮೀನು ತಿಂದು ಬೈಸಿಕೊಳ್ಳುತ್ತವೆ. ಯಾರೂ ಅವನ್ನು ತಂದು ಬಿಡಲಿಲ್ಲ. ನೀರು ಶುದ್ಧವಾಯಿತು, ಮೀನು ಬಂತು, ಹಿಂದೆಯೇ ಅವೂ ಬಂದವು.

ತಪ್ಪು ಕಲ್ಪನೆ: ನಮ್ಮ ಬಯಲುಸೀಮೆಗೆ ಇದು ಸಂಬಂಧವಿಲ್ಲದ ವಿಷಯ.

ವಾಸ್ತವ: ನಗರಗೆರೆ, ಗೌರಿಬಿದನೂರು ಸುತ್ತ ಬಿದ್ದ ಮಳೆ ಉತ್ತರ ಪಿನಾಕಿನಿಯ ಕಣಿವೆಗೆ ಸೇರಿದ್ದು. ನಂದಿ ಬೆಟ್ಟಗಳಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ, ಹಿಂದೂಪುರದ ಕಡೆಯಿಂದ ಆಂಧ್ರಕ್ಕಿಳಿದು, ನೆಲ್ಲೂರಿನ ಹತ್ತಿರ ಬಂಗಾಳ ಕೊಲ್ಲಿ ಸೇರುವ ಹೊಳೆ ಅದು. ಆ ಅಳಿವೆಯಲ್ಲೂ ಬಲೆ ನಂಬಿದ ಹಳ್ಳಿಗಳಿವೆ. ನಮ್ಮ ಭಾಗದಲ್ಲಿ ಹೊಳೆಯ ಮರಳನ್ನು ಲಾರಿಗಟ್ಟಲೆ ತೆಗೆದ ಮೇಲೆ ಬಂದ ನೀರು ಇಂಗುವುದೂ ಇಲ್ಲ, ನಿಲ್ಲುವುದೂ ಇಲ್ಲ. ವರ್ಷದ ಬಹುಪಾಲು ಪಾತ್ರ ಒಣಗಿರುತ್ತದೆ. ಒಣ ಹೊಳೆಯಲ್ಲಿ ನೀರುನಾಯಿಯೂ ಇಲ್ಲ, ಬಲೆಯೂ ಇಲ್ಲ. ಇಬ್ಬರೂ ಒಟ್ಟಿಗೇ ಇಲ್ಲವಾದದ್ದನ್ನು ನಾವು ಕಣ್ಣೆದುರೇ ನೋಡುತ್ತಿದ್ದೇವೆ. ತುಂಗಭದ್ರೆಯವರಿಗೆ ನಾಳೆ ಬರಬಹುದಾದದ್ದು ನಮಗೆ ಆಗಲೇ ಬಂದಿದೆ, ಆದ್ದರಿಂದಲೇ ಇದನ್ನು ಇಲ್ಲಿಂದ ಬರೆಯಬೇಕೆನಿಸಿತು.

ನಮಗೆ ಉಳಿದಿರುವುದು ಕೆರೆಗಳು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯಿಂದ ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರು ಈಗ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಚಿಂತಾಮಣಿ ಭಾಗಕ್ಕೆ ಕೋರಮಂಗಲ–ಚಲ್ಲಘಟ್ಟ ಕಣಿವೆಯದು. ಕೆರೆ ತುಂಬಿತೆಂಬ ಸಂತೋಷದ ಜೊತೆಗೆ ಮೂರನೇ ಹಂತದ ಶುದ್ಧೀಕರಣಕ್ಕೆ ಒತ್ತಾಯವೂ ಮುಂದುವರಿಯಬೇಕು. ಆ ನೀರಿನ ಮೀನನ್ನು ತಿನ್ನುವವರು ನಾವೇ.

ಕಲ್ಲುಗಣಿಗಳ ಜಿಲ್ಲೆ ನಮ್ಮದು. ಜಿಲೆಟಿನ್ ಎಷ್ಟು ಸಡಿಲವಾಗಿ ಕೈಬದಲಾಗುತ್ತದೆ ಎಂಬುದನ್ನು 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯಲ್ಲಿ ಆರು ಜನರನ್ನು ಕೊಂದ ಸ್ಫೋಟ ತೋರಿಸಿತು. ಹೊಳೆ, ಕೆರೆಗಳಲ್ಲಿ ಮೀನಿಗೆ ಸಿಡಿಸುವ ತೋಟೆ ಇಂಥ ಗಣಿಗಳ ಮದ್ದಿನಿಂದಲೂ ಬರಬಹುದು. ಮದ್ದಿನ ಲೆಕ್ಕ ಬಿಗಿಯಾದರೆ ಗಣಿ ಕೂಲಿಯವರ ಪ್ರಾಣವೂ ಉಳಿಯುತ್ತದೆ, ನೀರಿನ ಜೀವವೂ ಉಳಿಯುತ್ತದೆ.

ಸಣ್ಣ ಕೆರೆಗಳ ಮೀನಿನ ಹರಾಜು ಗ್ರಾಮ ಪಂಚಾಯಿತಿಯ ಕೈಯಲ್ಲಿದೆ, ದೊಡ್ಡವು ಮೀನುಗಾರಿಕೆ ಇಲಾಖೆಯವು. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರ ಕೆರೆಯ ಗುತ್ತಿಗೆ ಕರಾರನ್ನು ಓದಿಸಿ ಕೇಳಿ. ಸಿಡಿಮದ್ದು, ವಿಷ ಬಳಸಿದರೆ ಗುತ್ತಿಗೆ ರದ್ದು ಎಂಬ ಮಾತು ಅದರಲ್ಲಿಲ್ಲದಿದ್ದರೆ ಬರೆಸಿ. ಹಂಪಿಗೋ ಶಿವನಸಮುದ್ರಕ್ಕೋ ಹೋದಾಗ ನೀರಿನಲ್ಲಿ ತೋಟೆಯ ಸದ್ದು ಕೇಳಿದರೆ, ಬಲೆಯಲ್ಲಿ ಸಿಕ್ಕ ನೀರುನಾಯಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಬಲೆ ಹರಿದ ಮೀನುಗಾರ ಎದುರಾದರೆ ಅವನ ದೂರನ್ನು ಅಲ್ಲಗಳೆಯದೆ ಪೂರ್ತಿ ಕೇಳಿ, ಪರಿಹಾರದ ಅರ್ಜಿ ಬರೆದುಕೊಡಿ.